ಮಾರ್ಲಿಸ್ ಕಂಡ ನೀರುನಾಯಿ

ಹಿತ್ತಿಲಿನ ಹಬೆಸ್ನಾನದ ಕೋಣೆಯ ಮಾಡಿನ ಮೇಲೆ ಕೂತಿದ್ದ ಹಿಮವನ್ನು ಸಲಿಕೆಯಿಂದ ತಳ್ಳಲು ಹತ್ತಿದ ನಮ್ಮಣ್ಣ ರೂಡಿ, ಹಿಮದ ಜೊತೆ ತಾನೂ ಕೆಳಗೆ ಬಂದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕೊಯ್ದು, ಕೂಡಿಸಿ, ಮನೆಗೆ ಕಳಿಸಿದರು. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು ಎಂದು ವೈದ್ಯರು ಹೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವನು ಚಾಚೂ ತಪ್ಪದೆ ಪಾಲಿಸಿದ. ಹೊತ್ತಿಗೆ ಸರಿಯಾಗಿ ಉಂಡ, ಹೊತ್ತಿಗೆ ಸರಿಯಾಗಿ ಮಲಗಿದ, ಉಳಿದ ಹೊತ್ತೆಲ್ಲ ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಕಾಡಿನ ಕಡೆ ನೋಡುತ್ತಾ ನಿಟ್ಟುಸಿರು ಬಿಟ್ಟ.

ಅಮೆರಿಕದ ಮಿಷಿಗನ್ನಿನ ಉತ್ತರದ ತುದಿಯ ನಮ್ಮ ಊರಿನಲ್ಲಿ ಹಿಂಬಾಗಿಲು ತೆರೆದರೆ ಕಾಡೇ. ಮರ ಕೊಯ್ಯುವ ಮಿಲ್ಲಿನ ಕೆಲಸ ಮುಗಿದ ಮೇಲೆ ರೂಡಿಗೆ ಆ ಕಾಡೇ ಕಚೇರಿಯಾಗಿತ್ತು. ಬೆಳಗಿನ ಕಾಫಿ ಕುಡಿದವನೇ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ನಾಯಿ ಪುಲ್ಲಾಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದ. ಬೀವರ್ ಎಂಬ ಚಪ್ಪಟೆ ಬಾಲದ ಪ್ರಾಣಿಗಳು ಹಳ್ಳಕ್ಕೆ ಅಡ್ಡಲಾಗಿ ಕಡ್ಡಿ ಕಸ ಕಟ್ಟಿ ಮಾಡಿಕೊಂಡ ಕೆರೆಯ ತನಕ ಹೋಗಿ, ಕಂಡದ್ದನ್ನೆಲ್ಲ ಫೋಟೋ ಹಿಡಿದು ಬರುತ್ತಿದ್ದ. ಪುಲ್ಲಾ ಎಂದರೆ ಫಿನ್‌ಲ್ಯಾಂಡಿನಿಂದ ಬಂದ ನಮ್ಮ ಅಜ್ಜಿಯರು ಏಲಕ್ಕಿ ಹಾಕಿ ಬೇಯಿಸುತ್ತಿದ್ದ ಸಿಹಿ ಬ್ರೆಡ್ಡಿನ ಹೆಸರು. ಅಣ್ಣನ ಹೆಣ್ಣುನಾಯಿಗೂ ಅದೇ ಬಣ್ಣ, ಅದೇ ಗುಂಡು ಮೈ.

ಈಗ ಆ ಪುಲ್ಲಾ ಬಾಗಿಲಿಗೆ ಮೂತಿಯಿಟ್ಟು ಕೂತು ಊಳಿಡತೊಡಗಿತು. ಮೂರು ದಿನ ಕೇಳಿದ ಅತ್ತಿಗೆ ಮಾರ್ಲಿಸ್ ನಾಲ್ಕನೆಯ ದಿನ ಏಪ್ರನ್ ಬಿಚ್ಚಿ ಎಸೆದಳು.

"ಒಬ್ರು ಕುರ್ಚೀಲಿ ಕೂತು ನರಳೋದು, ಇನ್ನೊಬ್ರು ಬಾಗ್ಲಲ್ಲಿ ಕೂತು ಅಳೋದು! ನಾನೇ ಕರ್ಕೊಂಡ್ ಹೋಗ್ತೀನಿ ಬಿಡು!"

ನಾನು ಅಂದು ಅಲ್ಲೇ ಇದ್ದೆ. ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಕಾಡನ್ನು ಕಿಟಕಿಯಿಂದ ನೋಡಿದರೇ ಚೆನ್ನ ಎನ್ನುವವಳು. ಸೊಳ್ಳೆ ಕಂಡರೆ ಕಿರುಚುವವಳು.

ಅವಳು ಬೂಟು ಹಾಕಿಕೊಳ್ಳುವಾಗ ಅಣ್ಣ ತನ್ನ ಕ್ಯಾಮೆರಾ ತೆಗೆದು ಅವಳ ಕೊರಳಿಗೆ ಹಾಕಿದ. "ನನ್ನ ಕಣ್ಣು ತಗೊಂಡ್ ಹೋಗು ಮಾರಾಯ್ತಿ. ಏನು ಕಂಡ್ರೂ ಹಿಡ್ಕೊಂಡ್ ಬಾ."

ಮೊದಲ ವಾರದ ಫೋಟೋಗಳನ್ನು ನಾವು ಮೂವರೂ ಅಡುಗೆಮನೆಯ ಮೇಜಿಗೆ ಕೂತು ನೋಡಿದೆವು. ಮೊದಲನೆಯದರಲ್ಲಿ ಅತ್ತಿಗೆಯ ಹೆಬ್ಬೆರಳು ತುಂಬಾ ಚೆನ್ನಾಗಿ ಬಂದಿತ್ತು. ಮುಂದಿನ ನಾಲ್ಕರಲ್ಲಿ ಪುಲ್ಲಾಳ ಬಾಲ.

"ಇದೇನಿದು?" ಎಂದು ಅಣ್ಣ ಕೇಳಿದ.

"ಕೊಕ್ಕರೆ."

"ಎಲ್ಲಿದೆ? ಬರೀ ಆಕಾಶ ಕಾಣ್ತಿದೆ."

"ಆಗ ತಾನೇ ಹಾರೋಯ್ತು. ಅದಕ್ಕೇನು ಬುದ್ಧಿ ಬೇಡ್ವಾ? ಒಂದ್ ನಿಮಿಷ ನಿಲ್ಲೋಕಾಗಲ್ವಾ ಅದಕ್ಕೆ?"

ಅಣ್ಣ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಸೊಂಟ ಹಿಡಿದುಕೊಂಡು "ಅಯ್ಯೋ, ನಗಿಸ್ಬೇಡ, ನೋಯುತ್ತೆ" ಎನ್ನುತ್ತಾ ಇನ್ನಷ್ಟು ನಕ್ಕ. ಅತ್ತಿಗೆ ಮುಖ ದಪ್ಪಗೆ ಮಾಡಿಕೊಂಡು ಒಳಗೆ ಹೋದಳು. ಮರುದಿನ ಮಾತ್ರ ಎಂದಿಗಿಂತ ಬೇಗ ಹೊರಟಳು.

ಏಪ್ರಿಲ್ ಕಳೆದು ಮೇ ಬಂತು. ಕೆರೆಯ ಮೇಲಿನ ಮಂಜುಗಡ್ಡೆ ಕರಗಿತು. ಅತ್ತಿಗೆ ಒಂದು ಗುಟ್ಟು ಕಂಡುಕೊಂಡಿದ್ದಳು. ನೋಡಬೇಕಾದದ್ದು ಮರಗಳ ಕಡೆಗಲ್ಲ, ಪುಲ್ಲಾಳ ಕಡೆಗೆ. ನಡೆಯುತ್ತಾ ನಡೆಯುತ್ತಾ ನಾಯಿ ಒಮ್ಮೆಲೇ ನಿಂತು ಒಂದು ಮುಂಗಾಲು ಎತ್ತಿದರೆ, ಅದರ ಮೂಗು ತೋರಿದ ದಿಕ್ಕಿನಲ್ಲಿ ಏನೋ ಇದೆ ಎಂದೇ ಅರ್ಥ. ಅತ್ತಿಗೆಯೂ ನಿಲ್ಲುತ್ತಿದ್ದಳು. ಮೊದಲು ನಾಯಿಯ ಬಾಯಿಗೆ ಚೀಸಿನ ತುಣುಕು, ಆಮೇಲೆ ಕಣ್ಣಿಗೆ ಕ್ಯಾಮೆರಾ. ಬಾಯಲ್ಲಿ ಚೀಸಿದ್ದಷ್ಟು ಹೊತ್ತು ಪುಲ್ಲಾ ಬೊಗಳುವುದಿಲ್ಲ. ಹಾಗೆ ಸಿಕ್ಕಿದ್ದು ಜರೀಗಿಡಗಳ ನಡುವೆ ಮುದುರಿ ಮಲಗಿದ್ದ ಚುಕ್ಕೆಚುಕ್ಕೆಯ ಜಿಂಕೆಮರಿ. ದಿಮ್ಮಿಯ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿದ್ದ ಆಮೆಗಳೂ ಹಾಗೇ ಸಿಕ್ಕವು. ಮೀನು ಕಚ್ಚಿಕೊಂಡಿದ್ದ ಮಿಂಚುಳ್ಳಿಯೂ ಸಿಕ್ಕಿತು, ಮೀನಿನ ಕಣ್ಣು ಸಹ ಕಾಣುವಷ್ಟು ಸ್ಪಷ್ಟವಾಗಿ.

ಮಿಂಚುಳ್ಳಿಯ ಫೋಟೋವನ್ನು ಅಣ್ಣ ಬಹಳ ಹೊತ್ತು ನೋಡಿದ. "ಇದು ಪರವಾಗಿಲ್ಲ" ಎಂದ. ಅವನ ಬಾಯಿಂದ ಅಷ್ಟು ಬಂದರೆ ಅದು ದೊಡ್ಡ ಬಹುಮಾನ.

ಅತ್ತಿಗೆ ಮನೆಗೆ ಬರುವುದು ತಡವಾಗುತ್ತಾ ಹೋಯಿತು. ಸೊಳ್ಳೆ ಕಡಿದ ಗುರುತುಗಳನ್ನು ಒಡವೆ ತೋರಿಸುವಂತೆ ತೋರಿಸುತ್ತಿದ್ದಳು. ಅಣ್ಣನ ಓಟ್ಸ್ ಗಂಜಿ ಒಲೆಯ ಮೇಲೆ ತಣ್ಣಗಾಗುತ್ತಿತ್ತು. ಅವನು ಮಾತ್ರ ಕುರ್ಚಿ ಬಿಡಲಿಲ್ಲ. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ನರ್ಸು ಬೇಡಿಕೊಂಡು, ಗದರಿಸಿ, ಸೋತು ಹೋದಳು. "ಬೀಳೋದು ಒಂದೇ ಸಲ ಸಾಕು" ಎನ್ನುತ್ತಿದ್ದ. ಅವನಿಗೆ ಹೆದರಿಕೆ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ ತಂಗಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆದರೆ ಅದನ್ನು ಅವನ ಎದುರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅತ್ತಿಗೆ ಏದುಸಿರು ಬಿಡುತ್ತಾ ಸೀದಾ ನನ್ನ ಕಾಫಿ ಅಂಗಡಿಗೆ ಬಂದಳು. ಬೂಟಿನ ತುಂಬ ಕೆಸರು.

"ಎಲ್ನಾ, ನೀರುನಾಯಿ ಕಣೇ! ಬೀವರ್ ಕೆರೇಲಿ ನೀರುನಾಯಿ!"

ಅಂಗಡಿಯಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಕ್ಲಿಫರ್ಡ್ ನೀಮಿ ಬಟ್ಟಲು ಕೆಳಗಿಟ್ಟ. ಅವನು ಅಣ್ಣನ ಸ್ನೇಹಿತ. ಹರೆಯದಲ್ಲಿ ಕಾಡಿನಲ್ಲಿ ಬೋನಿಟ್ಟು, ಪ್ರಾಣಿ ಹಿಡಿದು, ತುಪ್ಪಳ ಮಾರಿ ಬದುಕಿದವನು. ಪ್ರಾಣಿಗಳ ವಿಷಯ ಬಂದರೆ ನಮ್ಮ ಊರಿನಲ್ಲಿ ಅವನದೇ ಕೊನೆಯ ಮಾತು.

"ಆ ಕೆರೇಲಾ? ನಮ್ಮಪ್ಪನ ಕಾಲದಿಂದ ಅಲ್ಲಿ ನೀರುನಾಯಿ ಇಲ್ಲ ತಾಯಿ. ಆ ಕೆಸರಲ್ಲಿ ಅದು ಏನು ತಿನ್ಬೇಕು, ಕಪ್ಪೆ ಸಾರಾ? ತೋರ್ಸು ಫೋಟೋ."

ಅತ್ತಿಗೆ ತೋರಿಸಿದಳು. ನೀರಿನ ಮೇಲೆ ಕಂದು ಬಣ್ಣದ ಒಂದು ಗುಬುಟು, ಅಷ್ಟೆ.

"ಬೀವರ್" ಎಂದ ಕ್ಲಿಫರ್ಡ್.

"ಬಾಲ ದಪ್ಪಗೆ, ಉದ್ದಕ್ಕಿತ್ತು. ಬೀವರ್ ಬಾಲ ದೋಸೆ ಮಗುಚೋ ಸಟ್ಟುಗದ ಥರ ಇರುತ್ತೆ ಅಂತ ನಂಗೂ ಗೊತ್ತು."

"ಹಾಗಿದ್ರೆ ದಿಮ್ಮಿ."

"ದಿಮ್ಮಿ ನನ್ನ ನೋಡಿ ಸೀನಿತಾ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅತ್ತಿಗೆಯ ಕಿವಿ ಕೆಂಪಾಯಿತು. ಮನೆಯಲ್ಲಾದರೂ ತನ್ನ ಪರವಾಗಿ ಒಂದು ಮಾತು ಸಿಗುತ್ತದೆ ಎಂದುಕೊಂಡು ಹೋದರೆ, ಅಣ್ಣ ಫೋಟೋ ನೋಡಿ, "ಇದು ನೀರುನಾಯಿ ಅಲ್ಲ ಕಣೆ, ನೀರಿಗೆ ಬಿದ್ದ ನಾಯಿ. ಪುಲ್ಲಾ ಎಲ್ಲಿದ್ಳು ಆಗ?" ಎಂದುಬಿಟ್ಟ.

ಅತ್ತಿಗೆ ಕ್ಯಾಮೆರಾವನ್ನು ಅವನ ತೊಡೆಯ ಮೇಲಿಟ್ಟಳು. "ನಾನು ಸುಳ್ಳು ಹೇಳ್ತೀನಿ ಅಂತ ಅನ್ಸಿದ್ರೆ ನೀನೇ ಎದ್ದು ಬಂದು ನೋಡು. ಕಾಲಿಲ್ವಾ ನಿಂಗೆ? ಕುರ್ಚೀಲಿ ಕೂತು ಕಾಡಿನ ಬಗ್ಗೆ ಮಾತಾಡೋರಿಗೆ ನಾನಿನ್ನು ಫೋಟೋ ತೋರ್ಸಲ್ಲ."

ಮಾತು ನಾಟಿತು. ಮರುದಿನ ನಾನು ಏಲಕ್ಕಿ ಬ್ರೆಡ್ಡು ಕೊಡಲು ಹೋದಾಗ, ಅಣ್ಣ ಆಸರೆಗೆಂದು ಕೊಟ್ಟಿದ್ದ ನಾಲ್ಕು ಕಾಲಿನ ಚೌಕಟ್ಟು ಹಿಡಿದು ಜಗಲಿಯಲ್ಲಿ ಆ ಕೊನೆಯಿಂದ ಈ ಕೊನೆಗೆ ಹೆಜ್ಜೆ ಹಾಕುತ್ತಿದ್ದ. ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಪುಲ್ಲಾ ಅವನ ಪಕ್ಕದಲ್ಲೇ, ಅವನಷ್ಟೇ ನಿಧಾನವಾಗಿ ನಡೆಯುತ್ತಿತ್ತು.

"ಏನಣ್ಣ ಇದು?" ಎಂದೆ.

"ಅವಳ ಸುಳ್ಳು ಹಿಡೀಬೇಕು. ಹಿಡಿದೇ ಹಿಡೀತೀನಿ."

ಒಳಗೆ ಅತ್ತಿಗೆ ಪಾತ್ರೆ ತೊಳೆಯುತ್ತಾ ಸಣ್ಣ ದನಿಯಲ್ಲಿ ಚರ್ಚಿನ ಹಾಡು ಗುನುಗುತ್ತಿದ್ದಳು. ಅವಳು ಹಿಂದಕ್ಕೆ ತಿರುಗಿ ನನಗೆ ಕಣ್ಣು ಹೊಡೆದಳು.

ಬೇಸಿಗೆಯೆಲ್ಲ ಹೀಗೇ ನಡೆಯಿತು. ಜಗಲಿ ಮುಗಿದು ಅಂಗಳ, ಅಂಗಳ ಮುಗಿದು ಬೇಲಿ. ಚೌಕಟ್ಟು ಹೋಗಿ ಊರುಗೋಲು ಬಂತು. ನರ್ಸಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅತ್ತಿಗೆ ಅಷ್ಟರಲ್ಲಿ ನೀರುನಾಯಿಯನ್ನು ಮತ್ತೆ ಮತ್ತೆ ಕಂಡಿದ್ದಳಂತೆ. ಕ್ಯಾಮೆರಾ ಮತ್ತೆ ಅವಳ ಕೊರಳಿಗೇರಿತ್ತು, ಆದರೆ ಒಂದೂ ಫೋಟೋ ತೋರಿಸಲಿಲ್ಲ. ಕೇಳಿದರೆ, "ಬಂದು ನೋಡಿ" ಎನ್ನುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮೇಪಲ್ ಎಲೆಗಳು ಕೆಂಪಾಗಲು ಶುರುವಾದಾಗ ನಾವು ಹೊರಟೆವು. ಮುಂದೆ ಪುಲ್ಲಾ, ಅದರ ಹಿಂದೆ ಅತ್ತಿಗೆ, ಆಮೇಲೆ ಊರುಗೋಲಿನ ಅಣ್ಣ, ಕೊನೆಯಲ್ಲಿ ಮಡಚುವ ಕುರ್ಚಿ ಹೊತ್ತ ನಾನು. ಬೇರೆ ಯಾವ ಕಾಲದಲ್ಲಾದರೂ ಅಣ್ಣನೇ ಮುಂದಿರುತ್ತಿದ್ದ.

"ಬೇರು ನೋಡ್ಕೊಂಡು ಬಾ. ಕೋಲು ಕುಟ್ಟಬೇಡ. ಆ ಜಾಕೆಟ್ ಯಾಕೆ ಹಾಕೊಂಡೆ, ಚರಚರ ಅನ್ನುತ್ತೆ" ಎಂದು ಅತ್ತಿಗೆ ಪಿಸುಗುಟ್ಟಿದಳು.

"ಈ ಕಾಡಲ್ಲಿ ನಾನು, ನೀನು ಹುಟ್ಟೋಕ್ ಮುಂಚಿಂದ..."

"ಶ್!"

ಅಣ್ಣ ಬಾಯಿ ಮುಚ್ಚಿದ. ಹಾದಿಯಲ್ಲಿ ಒಂದು ಕಡೆ ಮರ ಬಿದ್ದಿತ್ತು. ದಾಟಲು ಹೆದರಿ ನಿಂತ. ಅತ್ತಿಗೆ ವಾಪಸು ಬಂದು ತನ್ನ ಭುಜ ಕೊಟ್ಟಳು. ಅವನು ಅದರ ಮೇಲೆ ಭಾರ ಹಾಕಿ ಒಂದು ಕಾಲು ಎತ್ತಿಟ್ಟ, ಇನ್ನೊಂದನ್ನೂ ಎತ್ತಿಟ್ಟ. ದಾಟಿದ ಮೇಲೂ ಕೈ ತೆಗೆಯಲಿಲ್ಲ. ಕೆರೆಯವರೆಗೂ ಹಾಗೇ ಹೋದರು.

ದಡದಲ್ಲಿ ಕುರ್ಚಿ ಹಾಕಿ ಅವನನ್ನು ಕೂರಿಸಿದೆವು. ನಾವಿಬ್ಬರೂ ಪಾಚಿಯ ಮೇಲೆ ಕೂತೆವು. ಪುಲ್ಲಾ ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿತು. ನೀರಿನಿಂದ ಹೊಗೆಯಂಥ ಮಂಜು ಏಳುತ್ತಿತ್ತು. ಆಚೆ ದಡದಲ್ಲಿ ಒಂದು ಕೊಕ್ಕರೆ ನಿಂತಿತ್ತು. ಬಹಳ ಹೊತ್ತು ಅದೊಂದೇ.

"ನಾನು ಹೇಳ್ಲಿಲ್ವಾ" ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಲು ಬಾಗಿದ. ಅಷ್ಟರಲ್ಲಿ ಪುಲ್ಲಾಳ ಕಿವಿ ನೆಟ್ಟಗಾಯಿತು.

ಫುಸ್! ಯಾರೋ ಜೋರಾಗಿ ಮೂಗಿನಿಂದ ಉಸಿರು ಬಿಟ್ಟಂತೆ ಶಬ್ದ. ಜೊಂಡಿನ ಪಕ್ಕ ಒಂದು ತಲೆ ಮೇಲೆ ಬಂತು. ಚಪ್ಪಟೆ ತಲೆ, ಬಿಳಿಯ ಮೀಸೆ, ಗುಂಡಿಯಂಥ ಕಣ್ಣು. ಅದರ ಪಕ್ಕ ಇನ್ನೊಂದು, ಮತ್ತೊಂದು, ಮಗದೊಂದು. ತಾಯಿ ಮತ್ತು ಮರಿಗಳು. ನಾಲ್ಕೂ ಕತ್ತು ಉದ್ದ ಮಾಡಿ ನೀರಿನಿಂದ ಎದ್ದು ನಿಂತವು. ಅವು ನೋಡುತ್ತಿದ್ದದ್ದು ನಮ್ಮನ್ನಲ್ಲ, ಪುಲ್ಲಾಳನ್ನು. ಪುಲ್ಲಾ ಮೈಯೆಲ್ಲ ನಡುಗುತ್ತಿದ್ದರೂ ಸದ್ದು ಮಾಡಲಿಲ್ಲ. ಅತ್ತಿಗೆ ಜೇಬಿನಲ್ಲಿದ್ದ ಚೀಸನ್ನು ಪೂರ್ತಿ ಅದರ ಬಾಯಿಗೆ ತುರುಕಿದ್ದಳು.

ಆಮೇಲೆ ನಡೆದದ್ದು ನಾನು ಮರೆಯುವಂಥದ್ದಲ್ಲ. ತಾಯಿ ಒಂದು ಮುಳುಗು ಹಾಕಿ ಮೀನು ಹಿಡಿದು ದಿಮ್ಮಿಯ ಮೇಲೆ ಹತ್ತಿ ಕೂತಿತು. ಕರುಂಕುರುಂ ಎಂದು ಅಗಿಯುವ ಸದ್ದು ನಮಗೂ ಕೇಳಿತು. ಮರಿಗಳು ಪಾಲು ಕೇಳಲು ಹತ್ತಿ, ಒಂದನ್ನೊಂದು ತಳ್ಳಿ, ದೊಪ್ಪನೆ ಬಿದ್ದು, ಮತ್ತೆ ಹತ್ತಿದವು. ಒಂದು ಮರಿ ಅಮ್ಮನ ಬೆನ್ನನ್ನೇ ಜಾರುಬಂಡೆ ಮಾಡಿಕೊಂಡಿತು. ಅತ್ತಿಗೆ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಲೇ ಇದ್ದಳು.

ಅಣ್ಣ ಮೊದಲು ಬಾಯಿಗೆ ಕೈ ಅಡ್ಡ ಹಿಡಿದ. ಎರಡನೆಯ ಮರಿ ತಲೆಕೆಳಗಾಗಿ ಬಿದ್ದಾಗ ತಡೆಯಲಾಗಲಿಲ್ಲ. ಕಾಡೆಲ್ಲ ಮೊಳಗುವಂತೆ ನಕ್ಕುಬಿಟ್ಟ. ನಾಲ್ಕೂ ತಲೆಗಳು ಥಟ್ಟನೆ ಮುಳುಗಿದವು. ಪುಲ್ಲಾಳ ಬಾಯಲ್ಲಿದ್ದ ಚೀಸೂ ಅಷ್ಟರಲ್ಲಿ ಮುಗಿದಿತ್ತು. ಅದು ಒಂದೇ ನೆಗೆತಕ್ಕೆ ಕೆರೆಗೆ ಹಾರಿತು. ಕೊಕ್ಕರೆ ಬೈಯುತ್ತಾ ಎದ್ದು ಹೋಯಿತು.

"ಹಾಳು ಮಾಡ್ದೆ! ಎಲ್ಲಾ ಹಾಳು ಮಾಡ್ದೆ!" ಎಂದು ಅತ್ತಿಗೆ ಗಂಡನ ತೋಳಿಗೆ ಗುದ್ದಿದಳು. ಅವಳೂ ನಗುತ್ತಿದ್ದಳು.

"ಮಾರ್ಲಿಸ್" ಎಂದ ಅಣ್ಣ ಕಣ್ಣೊರೆಸಿಕೊಳ್ಳುತ್ತಾ, "ಇಷ್ಟ್ ವರ್ಷ ಈ ಕೆರೆಗೆ ಬಂದೆ. ಒಂದ್ ದಿನಾನೂ ಇದು ನಂಗೆ ಸಿಗ್ಲಿಲ್ಲ. ನೀನು ಬಂದ ಮೊದಲನೇ ವರ್ಷಾನೇ ಸಿಕ್ತಲ್ಲ, ಹೆಂಗೆ?"

"ನೀನು ಬಾಯಿ ಮುಚ್ಕೊಂಡು ಯಾವತ್ತು ಕೂತಿದ್ದೆ ಹೇಳು?"

ಮಧ್ಯಾಹ್ನ ಅಂಗಡಿಯಲ್ಲಿ ಅವಳು ಕ್ಲಿಫರ್ಡನ ಮುಂದೆ ಕ್ಯಾಮೆರಾ ಇಟ್ಟಳು. ಫೋಟೋದಲ್ಲಿ ನಾಲ್ಕು ತಲೆಗಳು, ಎಂಟು ಕಣ್ಣುಗಳು, ಮೀಸೆಯ ತುದಿಯಲ್ಲಿ ನೀರಹನಿ. ಅವನು ಕನ್ನಡಕ ಹಾಕಿದ, ತೆಗೆದ, ಒರೆಸಿ ಮತ್ತೆ ಹಾಕಿದ. ಸುತ್ತ ನೆರೆದವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ವಸಂತದಲ್ಲಿ ಹೊಳೆ ತುಂಬಿ ಹಳ್ಳಕ್ಕೆ ನುಗ್ಗಿತಲ್ಲ. ಮೀನು ಒಳಗೆ ಬಂದಿರ್ಬೇಕು, ಮೀನಿನ ಹಿಂದೆ ಇವೂ ಬಂದಿವೆ" ಎಂದ ನಿಧಾನವಾಗಿ. ಆಮೇಲೆ ದನಿ ತಗ್ಗಿಸಿ, "ಮರಿಗಳನ್ನ ನಾನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿಲ್ಲ ತಾಯಿ. ನಂಗೆ ಸಿಕ್ತಿದ್ದವೆಲ್ಲ ಬೋನಲ್ಲೇ. ನಾಳೆ ನಾನೂ ಬರ್ಲಾ?"

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಗೆಸೊಪ್ಪಿನ ವಾಸನೆ ಇರಬಾರದು. ಮಾತಾಡ್ಬಾರದು. ನಕ್ರೆ ಅಲ್ಲಿಂದಲೇ ಮನೆಗೆ ಕಳಿಸ್ತೀನಿ."

"ಆಯ್ತು, ಆಯ್ತು."

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಅಂಗಡಿ ತೆರೆದು ದೊಡ್ಡ ಪಾತ್ರೆಯಲ್ಲಿ ಕಾಫಿ ಕುದಿಸಿದೆ. ಒಬ್ಬರೂ ಬರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ, ರಸ್ತೆಯ ಕೊನೆಯಲ್ಲಿ ಅಣ್ಣನ ಹಿತ್ತಿಲ ಗೇಟಿನ ಬಳಿ ನನ್ನ ಗಿರಾಕಿಗಳೆಲ್ಲ ಸಾಲಾಗಿ ನಿಂತಿದ್ದರು. ಕ್ಲಿಫರ್ಡ್ ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದಿದ್ದ. ಅತ್ತಿಗೆ ಒಬ್ಬೊಬ್ಬರ ಕೋಟನ್ನೂ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಅಣ್ಣ ಊರುಗೋಲು ಎತ್ತಿ ಹಿಡಿದು, ಸದ್ದು ಮಾಡಬೇಡಿರೆಂದು ದೊಡ್ಡ ಗಂಟಲಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ.

ನಾನು ಒಲೆ ಆರಿಸಿ ಬಾಗಿಲಿಗೆ ಬೀಗ ಹಾಕಿದೆ. ಅವರನ್ನು ಸೇರಿಕೊಳ್ಳಲು ಓಡಬೇಕಾಯಿತು.