ಬಬಲೇಶ್ವರದ ಕರಿ ಹಣಿಗಿ

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ನಿರ್ಮಲಾ ಮುಂದಿನ ಹಿಟ್ಟನ್ನು ನಾದತೊಡಗಿದ್ದಳು. ಅಷ್ಟರಲ್ಲಿ ಫೋನು ಬಂತು. ಅಥಣಿ ರಸ್ತೆಯಲ್ಲಿ ಗುಜರಿ ಅಂಗಡಿ ಇಟ್ಟುಕೊಂಡಿದ್ದ ಬಂದೇನವಾಜ.

“ಬಾಯಾರ, ನಿಮ್ಮ ಕರಿ ಹಣಿಗಿ ಎಲ್ಲೈತಿ ಗೊತ್ತಾತ್ರಿ. ಬಬಲೇಶ್ವರದಾಗ, ಶಿವಯೋಗೆಪ್ಪ ಸರ್ ಮನ್ಯಾಗ.”

ಹಣಿಗಿ ಅನ್ನುವುದು ಅವನಿಟ್ಟ ಹೆಸರು. ಅದು ಹೀಟ್‌ಸಿಂಕು. ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂರುವ, ಬಾಚಣಿಕೆಯಂತೆ ಹಲ್ಲುಗಳಿರುವ ಅಲ್ಯೂಮಿನಿಯಮ್ ತುಂಡು. ಅದಕ್ಕೆ ಫ್ಯಾನು ಬೇಡ. ಬಿಸಿಯನ್ನು ತಾನೇ ಹೀರಿ, ಸಪ್ಪಳವಿಲ್ಲದೆ ಗಾಳಿಗೆ ಬಿಡುತ್ತದೆ. ನಿರ್ಮಲಾಳ ಕಂಪ್ಯೂಟರಿನದು ಮನೆಗೆ ಬಣ್ಣ ಹಚ್ಚಿಸುವಾಗ ಕಳೆದುಹೋಗಿತ್ತು. ಅಂದಿನಿಂದ ಅವಳು ಹುಡುಕದ ಜಾಗವಿಲ್ಲ. ಸ್ಟೇಷನ್ ರಸ್ತೆಯ ಅಂಗಡಿಯವರು ಫ್ಯಾನಿರುವ ಹೊಸದನ್ನು ತೋರಿಸಿ, ನಿಮ್ಮದೇನು ಗೋಳಗುಮ್ಮಟದ ಜೋಡಿ ಬಂದದ್ದೇನ್ರಿ ಎಂದು ನಕ್ಕಿದ್ದರು. ತಿಕೋಟಾದ ಒಂದು ಶಾಲೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರಿನ ಡಬ್ಬಿಯೊಂದು ಸಿಕ್ಕಿತ್ತು. ಬಿಚ್ಚಿ ನೋಡಿದರೆ ಇಲಿ ಮರಿ ಹಾಕಿತ್ತು.

ಶಿವಯೋಗೆಪ್ಪನ ಹೆಸರು ಅವಳಿಗೆ ಹೊಳೆಯದೆ ಇದ್ದದ್ದೇ ಸೋಜಿಗ. ಸ್ಟೇಷನ್ ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ ಇಬ್ಬರೂ ಕೂಡಿ ಕಲಿಸಿದವರು. ಸೆಂಟರು ಮುಚ್ಚಿದ ದಿನ ಮಾಲೀಕರು ಇಬ್ಬರಿಗೂ ಒಂದೊಂದು ಕಂಪ್ಯೂಟರ್ ಕೊಟ್ಟು ಕಳಿಸಿದ್ದರು. ಅವನದೂ ಇವಳದೂ ಒಂದೇ ತರಹದವು. ಹೊಳೆಯದೆ ಇದ್ದದ್ದಕ್ಕೆ ಕಾರಣವೂ ಇತ್ತು. ಅವನು ತೀರಿಕೊಂಡ ಸುದ್ದಿ ಕೇಳಿ ಒಂದೂವರೆ ತಿಂಗಳಾಗಿತ್ತು. ಅವನ ಹೆಂಡತಿಯನ್ನು ಮಾತಾಡಿಸಿ ಬರಬೇಕು ಅನ್ನುತ್ತಲೇ ಇದ್ದಳು. ಒಮ್ಮೆ ಮದುವೆ ಅಡ್ಡ ಬಂತು, ಒಮ್ಮೆ ಬಿಸಿಲು, ಒಮ್ಮೆ ಮೊಣಕಾಲು. ಹೋಗದೆ ಇದ್ದದ್ದು ಚುಚ್ಚುತ್ತಿತ್ತು. ಹಾಗಾಗಿ ಆ ಹೆಸರನ್ನೇ ನೆನೆಯುವುದನ್ನು ಬಿಟ್ಟಿದ್ದಳು.

ಇವತ್ತು ಮಾತ್ರ ಉಳಿದ ಹಿಟ್ಟನ್ನು ಮುಚ್ಚಿಟ್ಟು, ಕೈ ತೊಳೆದು, ಬಿಳಿ ಅಂಚಿನ ಸೀರೆ ಉಟ್ಟಳು. ಗಂಡ ಶಿವಲಿಂಗನಿಗೆ ಫೋನಿನಲ್ಲಿ, ಬಬಲೇಶ್ವರಕ್ಕೆ ಮಾತಾಡಿಸಲು ಹೊರಟೆ ಎಂದಳು. ಪರ್ಸಿಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿಕೊಳ್ಳುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ಹಾಕಿಕೊಂಡಳು.

ಶಿವಯೋಗೆಪ್ಪನ ಹೆಂಡತಿ ಸಕ್ರವ್ವ ಬಾಗಿಲಲ್ಲೇ ಅವಳ ಕೊರಳಿಗೆ ಬಿದ್ದು ಅತ್ತಳು. ನಿರ್ಮಲಾಳಿಗೂ ಅಳು ಬಂತು. ಅದು ಸುಳ್ಳು ಅಳುವಾಗಿರಲಿಲ್ಲ. ಆದರೆ ಅಳುತ್ತಲೇ ಅವಳ ಕಣ್ಣು ಸಕ್ರವ್ವನ ಹೆಗಲ ಮೇಲಿಂದ ಒಳಗೆ ಹರಿದು, ಮೂಲೆಯ ಮೇಜಿನ ಮೇಲೆ ಹಳೆಯ ಸೀರೆ ಹೊದಿಸಿದ್ದ ಡಬ್ಬಿಯನ್ನು ಕಂಡುಹಿಡಿದಿತ್ತು.

“ಸೆಂಟರ್‌ದವ್ರು ಒಬ್ರೂ ಬರಲಿಲ್ರಿ ಬಾಯಾರ,” ಎಂದಳು ಸಕ್ರವ್ವ. “ನೀವೊಬ್ರ ಬಂದ್ರಿ. ಕಡೀಕ ನಿಮ್ಮ ಹೆಸರ ಭಾಳ ತಗೀತಿದ್ರು.”

ಆಸ್ಪತ್ರೆಯ ಮಾತಾಯಿತು, ತಿಥಿಯ ಮಾತಾಯಿತು. ಇನ್ನು ಏಳಬೇಕು ಅನ್ನುವಾಗ ನಿರ್ಮಲಾ ಡಬ್ಬಿಯ ಕಡೆ ಕೈ ಮಾಡಿದಳು. ಒಳಗೊಂದು ಕರಿ ತುಂಡಿದೆ, ನಿಮಗೆ ಬೇಡವಾದರೆ ನನಗೆ ಬೇಕಿತ್ತು ಎಂದಳು. ತನ್ನ ದನಿ ತನಗೇ ವ್ಯಾಪಾರಕ್ಕೆ ನಿಂತ ಬಳೆಗಾರ್ತಿಯ ದನಿಯಂತೆ ಕೇಳಿಸಿತು. ಸಕ್ರವ್ವ ಹಿಂದೆಮುಂದೆ ನೋಡಲಿಲ್ಲ. ಸೀರೆ ಸರಿಸಿ, ತಗೋರಿ ಎಂದಳು. ನಿರ್ಮಲಾ ಪರ್ಸಿನಿಂದ ಸ್ಕ್ರೂಡ್ರೈವರ್ ತೆಗೆದಳು. ಅದು ಅಲ್ಲಿಗೆ ಹೇಗೆ ಬಂತೆಂದು ಸಕ್ರವ್ವ ಕೇಳಲಿಲ್ಲ. ಡಬ್ಬಿಯೊಳಗೆ ಧೂಳಿನ ಎಳೆಯೂ ಇರಲಿಲ್ಲ. ಕ್ಲಿಪ್ಪು ಟಕ್ಕೆಂದು ಬಿಟ್ಟುಕೊಂಡಿತು.

“ಅದ ಇಲ್ಲಂದ್ರೂ ಇದು ಹತ್ತತೈತಲ್ರಿ?” ಸಕ್ರವ್ವ ಕೇಳಿದಳು. “ಸಂಜೀಮುಂದ ಅವ್ರು ಹಚ್ಕೊಂಡು ಕುಂಡ್ರತಿದ್ರು. ನನಗೇನೂ ತಿಳ್ಯಾಂಗಿಲ್ಲ. ದೀಪಾ ಹಚ್ಚಿದ ಮ್ಯಾಲ ಬಟನ್ ಒತ್ತಿ ಎದುರಿಗೆ ಸುಮ್ನ ಕುಂಡ್ರತೀನಿ.”

ಹತ್ತುತ್ತದೆ. ಹತ್ತಿ, ಸ್ವಲ್ಪ ಹೊತ್ತಿನಲ್ಲೇ ಕಾದು, ಸುಟ್ಟರೂ ಸುಟ್ಟೀತು. ಹೀಟ್‌ಸಿಂಕು ನಿರ್ಮಲಾಳ ಅಂಗೈಯಲ್ಲಿತ್ತು, ತಣ್ಣಗೆ. “ಹತ್ತತೈತ್ರಿ,” ಎಂದಳು.

ಹೊರಡುವಾಗ ಸಕ್ರವ್ವ ಅವಳ ಕೈ ಹಿಡಿದು ತಡೆದಳು. ಸಾವಾದ ಮನೆಗೆ ಮಾತಾಡಿಸಲು ಬಂದವರು ಅಲ್ಲಿಂದ ಏನನ್ನೂ ಒಯ್ಯಬಾರದು. ನಿರ್ಮಲಾಳಿಗೂ ಅದು ಗೊತ್ತಿದ್ದದ್ದೇ, ಆಸೆಯಲ್ಲಿ ಮರೆತಿದ್ದಳು. “ಮುತ್ತೈದಿ ಅದೀರಿ, ನಿಮಗ್ಯಾಕ ಇಲ್ಲೀದು ತಗಲಬೇಕ್ರಿ?” ಎಂದ ಸಕ್ರವ್ವ ಅದನ್ನು ಇಸಿದುಕೊಂಡು, ಓಣಿ ದಾಟಿ, ಎದುರಿನ ಬೇವಿನ ಕಟ್ಟೆಯ ಮೇಲೆ ಇಟ್ಟಳು. ತಿರುಗಿ ನೋಡದೆ ಬಂದು ಒಳಗೆ ಹೋದಳು. ಈಗ ಅದು ಯಾರ ಮನೆಯದೂ ಅಲ್ಲ, ಬೀದಿಯಲ್ಲಿ ಸಿಕ್ಕಿದ್ದು. ನಿರ್ಮಲಾ ಅತ್ತಿತ್ತ ನೋಡಿ ಅದನ್ನು ಎತ್ತಿಕೊಂಡಳು. ಕಿವಿ ಬಿಸಿಯಾಗಿದ್ದವು.

ವಿಜಯಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇಷ್ಟು ದಿನ ಹುಡುಕಿದ್ದು ಸೆರಗಿನ ಮರೆಯಲ್ಲಿತ್ತು. ತೆಗೆದು ನೋಡುವ ಮನಸ್ಸಾಗಲಿಲ್ಲ. ಸಕ್ರವ್ವನಿಗೆ ಫೋನು ಮಾಡಿ ಇವತ್ತು ಕಂಪ್ಯೂಟರ್ ಹಚ್ಚಬೇಡಿ ಅನ್ನಬಹುದಿತ್ತು. ಯಾಕೆಂದು ಕೇಳಿದರೆ ಇನ್ನೊಂದು ಸುಳ್ಳು ಹುಡುಕಬೇಕು. ತನಗಾಗಿ ಬಂದಳೆಂದು ನಂಬಿದ ಹೆಣ್ಣುಮಗಳು, ಬಂದವಳಿಗೆ ಕೇಡು ತಗಲದಂತೆ ಕಾಯುವ ದಾರಿಯನ್ನೂ ತಾನೇ ಹುಡುಕಿಕೊಟ್ಟಿದ್ದಳು. ಆ ಹೆಣ್ಣುಮಗಳ ಸಂಜೆಯನ್ನೇ ನಿರ್ಮಲಾ ಕಿತ್ತುಕೊಂಡು ಬಂದಿದ್ದಳು.

ಶಿವಲಿಂಗನ ಫೋನು ಬಂತು. ಮಾತಾಡಿಸಿದೆಯಾ ಎಂದು ಕೇಳಿದ.

“ಹೂಂ.”

“ಚಲೋ ಮಾಡಿದಿ ನೋಡು. ನನಗೂ ಹೋಗಾಕ ಆಗಿದ್ದಿಲ್ಲ. ನಿನ್ನಂಗ ಯಾರ ನೆನಸ್ತಾರ?”

ಬರುವುದು ತಡವಾಗುತ್ತದೆ, ರೊಟ್ಟಿ ಡಬ್ಬಿಯಲ್ಲಿವೆ ಎಂದಷ್ಟೇ ಹೇಳಿ ಫೋನಿಟ್ಟಳು.

ಹೊಲಗಳ ಮೇಲೆ ಬಿಸಿಲು ಇಳಿಯತೊಡಗಿತ್ತು. ದೀಪ ಹಚ್ಚುವ ಹೊತ್ತಿಗೆ ಇನ್ನೂ ಸಮಯವಿತ್ತು. ಮಾತಾಡಿಸಿ ಬಂದ ಮನೆಗೆ ಅದೇ ದಿನ ಮತ್ತೆ ಹೋಗುವುದು ರೀತಿಯಲ್ಲ. ಹೋದರೆ ಹೋದದ್ದಕ್ಕೆ ಕಾರಣ ಹೇಳಬೇಕು, ಮೊದಲು ಬಂದದ್ದಕ್ಕೂ. ನಿರ್ಮಲಾ ಆ ಮಾತುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಂಡಳು. ಒಂದೂ ಚೆನ್ನಾಗಿ ಕೇಳಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ, ನಿಮ್ಮ ಊರು ಬಂತೇನ್ರಿ ಎಂದಳು. ಇಲ್ಲವೆಂದು ತಲೆಯಾಡಿಸಿ, ನಿರ್ಮಲಾ ಇಳಿಯಲು ಎದ್ದು ನಿಂತಳು.