ಕಪ್ಪೆ ಕೊಯ್ಯುವ ಓದು

“ಹುಡುಗನ್ನ ಹೈದರಾಬಾದಿಗಿ ಓದ್ಲಾಕ ಕಳಸೋಣ ವೈನಿ,” ಎಂದ ಕಲ್ಯಾಣಪ್ಪ, ರೊಟ್ಟಿ ಮುರಿಯುತ್ತ, ತಲೆ ಎತ್ತದೆ. ಪ್ರಯಾಗಬಾಯಿಗೆ ಮಾತಿಗಿಂತ ಮೊದಲು ಕಂಡದ್ದು ಅವನು ತಲೆ ಎತ್ತದೇ ಇದ್ದದ್ದು.

ಈ ಮೈದುನ ತನ್ನ ಸ್ವಂತ ಮಕ್ಕಳಿಗೆ ಒಂದು ಪಾಟಿ ಕೊಡಿಸಲಿಕ್ಕೂ ಮೀನಮೇಷ ಎಣಿಸಿದವನು. ಮೀಸೆ ಚಿಗುರುವ ಮೊದಲೇ ಅವರನ್ನು ಎತ್ತಿನ ಬೆನ್ನಿಗೆ ಹಚ್ಚಿದ್ದ. ಅಂಥವನಿಗೆ ತೀರಿಹೋದ ಅಣ್ಣನ ಮಗನ ಓದಿನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು? ದಾಳಿಂಬ ಎಂಬ ಆ ಊರಿನಲ್ಲಿದ್ದ ಹೊಲ ಇನ್ನೂ ಪಾಲಾಗದೆ ಒಟ್ಟಿನಲ್ಲೇ ಇತ್ತು. ಅವಳ ಪಾಲಿಗೆ ಗಂಡಸು ಅಂತ ಇದ್ದವನು ಈ ವರ್ಷ ಮ್ಯಾಟ್ರಿಕ್ ಪಾಸಾದ ಮಗ ಮನ್ಮಥಪ್ಪ ಒಬ್ಬನೇ. ಅವನನ್ನು ಊರು ಬಿಡಿಸಿದರೆ ಹಳ್ಳದ ದಂಡೆಯ ಕರಿ ಹೊಲ ಕೊನೆಗೆ ಯಾರ ಕೈ ಸೇರುತ್ತದೆ ಎಂದು ತಿಳಿಯಲು ಅವಳಿಗೆ ಯಾವ ಕಾಲೇಜೂ ಬೇಕಿರಲಿಲ್ಲ.

“ಅಲ್ಲಿ ಹೋಗಿ ಏನ್ ಓದ್ತಾನ?”

“ಹಯಾತಿಯಾತ ಅಂತಾರ. ಗಿಡ, ಹುಳ, ದನ, ಮನಷಾ, ಜೀವ ಇದ್ದದ್ದೆಲ್ಲ ಹ್ಯಾಂಗ ಬದಕತದ ಅಂಬೂದು ಕಲಸ್ತಾರ. ಇಂಟರ್ ಎರಡ್ ವರ್ಷ, ಮುಂದ ಬಿ.ಎಸ್ಸಿ. ಎರಡ್ ವರ್ಷ.”

ಹೆಬ್ಬೆಟ್ಟು ಒತ್ತುವ ಕಲ್ಯಾಣಪ್ಪನ ಬಾಯಿಂದ ಇದೆಲ್ಲ ಎಡವದೆ ಹೊರಬಂತು. ಯಾರೋ ಬಾಯಿಪಾಠ ಮಾಡಿಸಿದ್ದಾರೆ ಅಂದುಕೊಂಡಳು. ಊರಿನ ಲೆಕ್ಕ ಬರೆಯುವ ಪಟವಾರಿಯೇ ಇರಬೇಕು.

“ಬದಕೂದು ಕಲೀಲಾಕ ಹೈದರಾಬಾದಿಗಿ ಯಾಕ ಹೋಗ್ಬೇಕು? ನಾವೇನ್ ಇಲ್ಲಿ ಸತ್ತೀವೇನು?”

ಮನ್ಮಥಪ್ಪ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದ. ಒಂದು ಮಾತೂ ಆಡಲಿಲ್ಲ. ಕಾಕಾನ ಮುಂದೆ ಬಾಯಿ ಬಿಡಲು ಹೆದರುತ್ತಾನೆ ಪಾಪ, ಎಂದು ತಾಯಿಯ ಕರುಳು ಚುರುಕ್ ಎಂದಿತು.

ಸಂತೆಯ ದಿನ ಉಪ್ಪಿನ ನೆಪ ಮಾಡಿ ಅವಳು ಮುರುಮಕ್ಕೆ ಹೋದಳು. ಉಮರ್ಗಾದಿಂದ ದನದ ಡಾಕ್ಟರು ವಿಶ್ವನಾಥಪ್ಪ ಅಲ್ಲಿಗೆ ಬಂದು ಎತ್ತುಗಳಿಗೆ ಸೂಜಿ ಹಾಕುತ್ತಿದ್ದರು. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಸರ್ಕಾರಿ ನೌಕರರು ಹಾಕುವ ಕೆಂಪು ರೂಮಿ ಟೋಪಿ. ಈ ಮನುಷ್ಯನನ್ನು ಅರ್ಧ ನಂಬಬಹುದು ಎಂದು ಪ್ರಯಾಗಬಾಯಿ ತೀರ್ಮಾನಿಸಿದಳು.

“ಹಯಾತಿಯಾತ ಏನ್ರೀ? ಮೊದಲ ಕಪ್ಪಿ ಕೊಯ್ತಾರ,” ಎಂದು ಅವರು ನಕ್ಕರು. “ಹೂವು, ಬೇರೂ ಕೊಯ್ತಾರ. ಒಳಗ ಏನದ ನೋಡಬೇಕಲ್ಲ.”

“ಲಿಂಗ ಹಿಡಿಯೂ ಕೈಲೇ?”

“ನನ್ನ ಕೊರಳಾಗೂ ಲಿಂಗ ಅದ ರೀ ಬಾಯಿ. ಓದಿಗಿ ಓದು, ಪೂಜಿಗಿ ಪೂಜಿ.”

“ಓದಿ ಏನಾಗ್ತಾನ?”

“ದಾರಿ ಭಾಳ ಅವ. ಇನ್ನೂ ಓದ್ಲಾಕ ತಾಳ್ಮಿ ಇದ್ರ ಡಾಕ್ಟರ್. ಇಲ್ಲಂದ್ರ ಬೀಜ, ಬೆಳಿ ನೋಡೂ ಜರಾಅತ್ ಖಾತಿ. ಅಡವಿ ಕಾಯೂ ಜಂಗಲಾತ್ ಖಾತಿ. ನನ್ನಂಗ ದನದ ಡಾಕ್ಟರ್. ಏನೂ ಆಗದಿದ್ರ ಹೈಸ್ಕೂಲ್ ಮಾಸ್ತರ್.”

“ಎಲ್ಲಿ?”

“ಸರ್ಕಾರ ಎಲ್ಲಿ ಒಗೀತದ ಅಲ್ಲಿ. ವರಂಗಲ್, ನಾಂದೇಡ, ಮೆದಕ್.”

“ದಾಳಿಂಬದಾಗ ಯಾವದೂ ಇಲ್ಲೇನು?”

ವಿಶ್ವನಾಥಪ್ಪ ಸೂಜಿಯನ್ನು ಅರಿವೆಯಲ್ಲಿ ಒರೆಸಿಕೊಂಡರು. “ದಾಳಿಂಬದಾಗ ಹೊಲ ಅದಲ್ಲರೀ,” ಎಂದರು.

ಬಂಡಿಯಲ್ಲಿ ಮರಳುವಾಗ ಅವಳಿಗೆ ಮೈಯೆಲ್ಲ ಉರಿ. ಡಾಕ್ಟರಾದರೂ ಹೊರಗೆ, ಮಾಸ್ತರನಾದರೂ ಹೊರಗೆ. ಅಷ್ಟು ದಾರಿಗಳಲ್ಲಿ ಒಂದಾದರೂ ಊರಿನ ಕಡೆ ಹೊರಳಬಾರದೇ? ಇಂಥ ಓದನ್ನು ಮೈದುನ ಎಷ್ಟು ಹುಡುಕಿ ತೆಗೆದಿರಬೇಕು! ಅವನ ಜಾಣತನಕ್ಕೆ ಸಿಟ್ಟಿನ ನಡುವೆಯೂ ಬೆರಗಾಯಿತು.

ಅಂದು ಸಂಜೆ ಕಲ್ಯಾಣಪ್ಪ ಪೂಜೆಗೆ ಕೂತ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಬಿಲ್ವದ ಎಲೆ. ಅವನು ಕಣ್ಣು ತೆರೆಯುವುದನ್ನೇ ಕಾಯುತ್ತಿದ್ದ ಪ್ರಯಾಗಬಾಯಿ ಎದುರಿಗೆ ಬಂದು ನಿಂತಳು.

“ಅದನ್ನ ಇನ್ನೂ ಕಟ್ಕೋಬ್ಯಾಡ. ನಮ್ಮ ಪಾಲಿನ ಹೊಲದ ಮ್ಯಾಲ ಆಸಿ ಇಲ್ಲ ಅಂತ ಆಣಿ ಮಾಡು.”

ಲಿಂಗ ಹಿಡಿದು ಆಣೆ ಮಾಡುವುದು ಆ ಮನೆಯಲ್ಲಿ ಆಟದ ಮಾತಲ್ಲ. ಹಾಗೆ ಮಾಡೆಂದು ಕೇಳಿದವರು ಮತ್ತೆ ಒಂದೇ ಒಲೆಯ ಅನ್ನ ಉಣ್ಣುವುದು ಕಷ್ಟ. ಒಳಗಿದ್ದ ಮನ್ಮಥಪ್ಪ ಬಾಗಿಲಿಗೆ ಬಂದ.

“ಆಸಿ ಇಲ್ಲ ವೈನಿ. ಈ ಶಿವನ ಆಣಿ.” ದನಿ ಅಲುಗಲಿಲ್ಲ.

“ಹಂಗಾದ್ರ ನನ್ನ ಮಗನ್ನ ಯಾಕ ಹೊರಗ ಅಟ್ಟಲಾಕತ್ತಿ? ಅದೂ ಆಣಿ ಮಾಡಿ ಹೇಳು.”

ಅವನು ಬಾಯಿ ತೆರೆದ, ಮನ್ಮಥಪ್ಪನ ಕಡೆ ನೋಡಿದ, ಬಾಯಿ ಮುಚ್ಚಿಕೊಂಡ. ಸಿಕ್ಕಿಬಿದ್ದ! ಪ್ರಯಾಗಬಾಯಿಗೆ ಎಷ್ಟೋ ದಿನಗಳ ಮೇಲೆ ಖುಷಿಯಾಯಿತು.

“ಕಾಕಾನ್ನ ಬಿಡವ್ವಾ,” ಎಂದ ಮನ್ಮಥಪ್ಪ. “ಅಂವಾ ಬ್ಯಾಡಂತನೇ ಅಂದಿದ್ದ. ನಾನೇ ಕಾಲ ಹಿಡದು ಅಂವನ ಬಾಯಿಲೇ ಹೇಳಸೀನಿ. ನಾ ಹೋಗ್ತೀನಿ ಅಂದ್ರ ನೀ ಅಳ್ತಿ. ಕಾಕಾ ಅಂದ್ರ ಬೈತಿ. ನೀ ಬೈಯೂದು ತಡಕೋತೀನಿ, ಅಳೂದು ತಡಕೊಳ್ಳಂಗಿಲ್ಲ.”

ಅವಳು ಅಳಲಿಲ್ಲ. ಬೈಯಲೂ ಇಲ್ಲ. ನಾಚಿಕೆಯಾಯಿತು, ನಿಜ, ಆದರೆ ನಾಚಿಕೆಗಿಂತ ದೊಡ್ಡದೊಂದು ಸಂಕಟ ಎದೆಯಲ್ಲಿ ಕೂತಿತು. ಮೈದುನ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಕಳ್ಳನ ಜೊತೆ ಜಗಳ ತೆಗೆಯಬಹುದು, ಪಂಚರನ್ನು ಕೂಡಿಸಬಹುದು. ಹೋಗುತ್ತೇನೆ ಎನ್ನುವ ಮಗನ ಮೇಲೆ ಯಾವ ಪಂಚರನ್ನು ಕೂಡಿಸುವುದು?

“ಹೊಳ್ಳಿ ಬರ್ತಿ?” ಎಂದು ಕೇಳಿದಳು.

“ಬರ್ತೀನಿ,” ಎಂದ. ಸ್ವಲ್ಪ ಬೇಗನೇ ಅಂದ.

“ಕಟ್ಕೋ ಕಲ್ಯಾಣಪ್ಪಾ,” ಎಂದಳು ಅವಳು. ಮುಂದೆ ಇನ್ನೊಂದು ಮಾತು ಬರಬೇಕಿತ್ತು, ಬರಲಿಲ್ಲ. ಅವನು ಅವಳ ಕಡೆ ನೋಡದೆ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ.

ಎಲ್ಲರೂ ಊಟಕ್ಕೆ ಕೂತರು. ಪ್ರಯಾಗಬಾಯಿಯೇ ರೊಟ್ಟಿ ಬಡಿಯುತ್ತ ಕೇಳಿದಳು, “ಆ ಕಪ್ಪಿಗಿ ಜೀವ ಇದ್ದಾಗನೇ ಕೊಯ್ತಾರೇನು?”

“ಇಲ್ಲವ್ವಾ. ಮೊದಲ ಔಷಧದ ವಾಸನಿ ಹಿಡದು ಮಲಗಸ್ತಾರ. ಅದಕ್ಕ ಏನೂ ಗೊತ್ತಾಗಂಗಿಲ್ಲ.”

“ಯಾರ್ ಹೇಳಿದ್ರು? ಕಪ್ಪಿನಾ?”

ಕಲ್ಯಾಣಪ್ಪ ತನ್ನ ನೋವು ಮರೆತು ಪುಸಕ್ಕನೆ ನಕ್ಕುಬಿಟ್ಟ. ಮನ್ಮಥಪ್ಪ ನಗಲಿಲ್ಲ, ಗಂಗಾಳದಲ್ಲಿ ಬೆರಳಿಟ್ಟುಕೊಂಡು ಕೂತ. ಅವಳು ಬಿಸಿ ರೊಟ್ಟಿಯೊಂದನ್ನು ಮೈದುನನಿಗೆ ಹಾಕಿದಳು. ಅವನು ಬೇಡವೆನ್ನಲಿಲ್ಲ.

ಎಲ್ಲರೂ ಕೈ ತೊಳೆದುಕೊಂಡು ಎದ್ದ ಮೇಲೆ ಅವಳು ಮತ್ತೆ ಜೋಳದ ಹಿಟ್ಟು ತೆಗೆದು ಒಲೆಯ ಮುಂದೆ ಕೂತಳು. ದೂರದ ಊರಿಗೆ ಕಟ್ಟಿಕೊಡುವ ಕಟಕ ರೊಟ್ಟಿ. ಹಪ್ಪಳದ ಹಾಗೆ ತೆಳ್ಳಗೆ ಬಡಿದು, ಹಸಿ ಉಳಿಯದಂತೆ ಒಣಗಿಸಬೇಕು. ಬೆಂದದ್ದನ್ನೆಲ್ಲ ಒಲೆಯ ಗೋಡೆಗೆ ಆನಿಸಿ ನಿಲ್ಲಿಸುತ್ತ ಹೋದಳು. ಒಂದೊಂದನ್ನೂ ತಿರುಗಿಸಿ, ಬೆರಳಿನಿಂದ ಒತ್ತಿ ನೋಡುತ್ತಿದ್ದಳು.