ಸೊಣ್ಣಮ್ಮನ ಹೆಸರಿಗೆ ಕೂತವಳು

“ಯಾರ್ ಮಗೂನಮ್ಮ ಕರ್ಕೊಂಡ್ ಬಂದಿದ್ದೀಯಾ? ಕಾರ್ಡಲ್ಲಿ ಇರೋದು ಗಂಡು. ನೀನು ತಂದ್ ನಿಲ್ಸಿರೋದು ಹೆಣ್ಣು. ನಮಗೇನು ಕಣ್ಣು ಕಾಣಲ್ಲ ಅಂದ್ಕೊಂಡ್ಯಾ?”

ಜಯನಗರದ ಆ ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ಟೈ ಕಟ್ಟಿದ ಹುಡುಗ ಇದನ್ನು ಮೆಲ್ಲಗೆ ಕೇಳಬಹುದಿತ್ತು. ಮೆಲ್ಲಗೆ ಕೇಳುವುದು ಸೋಫಾದ ಮೇಲೆ ಕೂತವರಿಗೆ ಮಾತ್ರ ಎಂದು ಅವನಿಗೆ ಯಾರೋ ಕಲಿಸಿಟ್ಟಿದ್ದರು. ಅಲ್ಲಿ ಕೂತಿದ್ದ ತಾಯಂದಿರು, ಅವರ ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಮಕ್ಕಳು, ಎಲ್ಲರೂ ತಲೆಯೆತ್ತಿ ನೋಡಿದರು. ರುದ್ರಮ್ಮನಿಗೆ ಎಸಿಯ ತಂಪಿನಲ್ಲೂ ಕುತ್ತಿಗೆ ಬೆವರಿತು. ಅವಳ ಬೆನ್ನಿಗಂಟಿ ನಿಂತಿದ್ದ ಮಗಳು ಅಂಜನಾ ತಲೆಯ ಮೇಲಿನ ದುಪಟ್ಟಾವನ್ನು ಹುಬ್ಬಿನ ತನಕ ಎಳೆದುಕೊಂಡಳು.

“ನಿನ್ನ ಹೆಸರೇನು, ಅದಾದ್ರೂ ಸರಿಯಾಗಿ ಹೇಳು.”

“ಸೊಣ್ಣಮ್ಮ” ಎಂದಳು ರುದ್ರಮ್ಮ.

ಬೇಕೆಂದು ಹೇಳಿದ ಸುಳ್ಳಲ್ಲ ಅದು. ನಾಲ್ಕು ವರ್ಷದಿಂದ ಯಾರು ಹೆಸರು ಕೇಳಿದರೂ ಬಾಯಿಗೆ ಬರುತ್ತಿದ್ದುದೇ ಅದು. ಆದರೆ ಮಗಳ ಎದುರು ಅವಳು ಆ ಹೆಸರು ಹೇಳಿದ್ದು ಅದೇ ಮೊದಲು. ಅಂಜನಾ ಅಮ್ಮನ ಮುಖವನ್ನು ಯಾರದೋ ಮುಖದಂತೆ ನೋಡಿದಳು.

ಜೆ.ಪಿ. ನಗರದ ಆ ದೊಡ್ಡ ಅಪಾರ್ಟ್‌ಮೆಂಟಿನ ಕಸಗುಡಿಸುವ ಕಂಟ್ರಾಕ್ಟಿನಲ್ಲಿ ಇದೊಂದು ಪದ್ಧತಿ. ಆಳು ಬಿಟ್ಟು ಹೋದರೆ ಹೆಸರನ್ನು ಬಿಡುವುದಿಲ್ಲ. ಹೊಸಬರಿಗೆ ಹೊಸ ಕಾಗದ, ಹೊಸ ವಿಮೆ ಎಂದೆಲ್ಲ ಓಡಾಡುವ ತಾಪತ್ರಯ ಕಂಟ್ರಾಕ್ಟರಿಗೆ ಬೇಡ. ಹಳೆಯ ಹೆಸರಿಗೆ ಹೊಸಬರನ್ನು ಕೂರಿಸುತ್ತಾರೆ. ಸೊಣ್ಣಮ್ಮ ಎಂಬಾಕೆ ಮಂಡಿನೋವು ಬಂದು ಊರಿಗೆ ಹೋದಳು, ರುದ್ರಮ್ಮ ಅವಳ ಹೆಸರಿಗೆ ಕೂತಳು. ಸೊಣ್ಣಮ್ಮನ ಬ್ಯಾಂಕಿನ ಕಾರ್ಡು ಸೂಪರ್‌ವೈಸರ್ ಮರುಳಸಿದ್ದಪ್ಪನ ಜೇಬಿನಲ್ಲಿ. ಸಂಬಳವನ್ನು ಅವನೇ ತೆಗೆದು, ವಿಮೆಗೆಂದು ಹಿಡಿದದ್ದು ಹೋಗಿ ಉಳಿದದ್ದನ್ನು ಕೈಗೆ ಕೊಡುತ್ತಿದ್ದ. ಆಸ್ಪತ್ರೆಗೆ ಹೋದರೆ ಇದನ್ನು ತೋರಿಸು, ಮನೆಯವರಿಗೆಲ್ಲ ಆಗುತ್ತದೆ ಎಂದು ವಿಮೆಯ ಕಾರ್ಡನ್ನು ಮಾತ್ರ ಅವಳಿಗೇ ಕೊಟ್ಟಿದ್ದ. ಮನೆಯವರು ಎಂದರೆ ಯಾರ ಮನೆಯವರು ಎಂದು ಅವಳು ಕೇಳಲಿಲ್ಲ. ಇಂಗ್ಲಿಷಿನಲ್ಲಿದ್ದ ಆ ಕಾರ್ಡನ್ನು ದೇವರ ಪಟದ ಹಿಂದೆ ಜೋಪಾನ ಮಾಡಿದ್ದಳು.

ಅದು ಹೊರಬಂದದ್ದು ಮಗಳ ಕೂದಲಿಗಾಗಿ. ಹತ್ತನೇ ಕ್ಲಾಸಿನ ಅಂಜನಾ ಪುಸ್ತಕ ಹಿಡಿದು ಕೂತರೆ ಸಾಕು, ಕೈ ನೆತ್ತಿಗೆ ಹೋಗುತ್ತಿತ್ತು. ಒಂದೊಂದೇ ಕೂದಲು ಬೆರಳಿಗೆ ಸುತ್ತಿಕೊಂಡು ಕೀಳುತ್ತಿದ್ದಳು. ಸುಬ್ರಹ್ಮಣ್ಯಪುರದ ಅವರ ಒಂಟಿಕೋಣೆಯಲ್ಲಿ ಗುಡಿಸಿದಲ್ಲೆಲ್ಲ ಕೂದಲು. ರುದ್ರಮ್ಮ ಮೊದಲು ಹೇನೆಂದು ಗುಮಾನಿಪಟ್ಟಳು. ಆಮೇಲೆ ಬೀದಿಯ ಮೊಬೈಲ್ ಅಂಗಡಿಯ ಹುಡುಗನ ಮೇಲೆ ಅನುಮಾನ ಬಂತು, ಎರಡು ದಿನ ಅವನ ಅಂಗಡಿಯ ಎದುರು ಸುಮ್ಮನೆ ನಿಂತು ಕಾದಳು. ಪಕ್ಕದ ಮನೆಯವಳು ಯಾರೋ ಮಾಟ ಮಾಡಿಸಿದ್ದಾರೆ ಎಂದಾಗ ಆ ಪಕ್ಕದ ಮನೆಯವಳ ಮೇಲೇ ಅನುಮಾನ ತಿರುಗಿತು. ತಾಯತ ಕಟ್ಟಿಸಿದಳು, ಎರಡು ಏಟೂ ಕೊಟ್ಟಳು. ನೆತ್ತಿಯ ಮೇಲೆ ಅಂಗೈಯಗಲ ಬೋಳಾಯಿತು. ಹುಡುಗಿ ಸ್ಕೂಲಿಗೆ ಹೋಗುವುದಿಲ್ಲವೆಂದು ಗೋಡೆಗೆ ಮುಖ ಹಾಕಿ ಮಲಗಿದಳು.

ವಾರಿಜಾ ಟೀಚರ್ ಮನೆಗೇ ಬಂದು, ಇದು ಹಟವಲ್ಲ, ಕಾಯಿಲೆ, ಕೂರಿಸಿಕೊಂಡು ಮಾತಾಡಿ ಮಾತಾಡಿ ವಾಸಿ ಮಾಡುತ್ತಾರೆ ಎಂದರು. ಮಾತಿಗೆ ದುಡ್ಡು ತೆಗೆದುಕೊಳ್ಳುವ ಡಾಕ್ಟರೂ ಇರುತ್ತಾರೆಯೇ ಎಂದು ರುದ್ರಮ್ಮ ಟೀಚರನ್ನೂ ನಂಬಲಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಹೋಗಿ ಬಂದರು. ಅಲ್ಲಿ ಚೆನ್ನಾಗಿ ಮಾತಾಡಿಸಿ ವಾರವಾರ ಕರೆದುಕೊಂಡು ಬಾ ಎಂದರು. ವಾರಕ್ಕೊಂದು ದಿನ ರಜ ಹಾಕಿದರೆ ಸೊಣ್ಣಮ್ಮನ ಹೆಸರಿಗೆ ಇನ್ನೊಬ್ಬಳು ಬಂದು ಕೂರುತ್ತಾಳೆ. ಸಂಜೆ ಕೆಲಸ ಮುಗಿದ ಮೇಲೂ ತೆರೆದಿರುವುದು ಈ ಕ್ಲಿನಿಕ್, ಕಾರ್ಡು ನಡೆಯುವುದೂ ಇಲ್ಲಿ ಎಂದು ಟೀಚರೇ ವಿಚಾರಿಸಿ ಹೇಳಿದ್ದರು.

ಕೌಂಟರಿನ ಗಲಾಟೆ ಕೇಳಿ ಒಳಗಿನಿಂದ ಸುರಭಿ ಎಂಬ ಕೌನ್ಸೆಲರ್ ಬಂದಳು. ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದು ಕೂರಿಸಿ, ಕಾರ್ಡನ್ನು ಓದಿ, ಈಕೆ ಸೊಣ್ಣಮ್ಮನಲ್ಲ ಎಂದು ಊಹಿಸಿದವಳಂತೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಈ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯಲ್ಲಿ ಮಲಗಿದರೂ ದುಡ್ಡು ಕೊಡುತ್ತಾರೆ, ಮಲಗದೆ ಬಂದುಹೋಗುವವರಿಗೂ ವರ್ಷಕ್ಕೆ ಆರು ಸಲ ಕೊಡುತ್ತಾರೆ. ಎಷ್ಟೋ ಕಾರ್ಡುಗಳಲ್ಲಿ ಈ ಎರಡನೆಯದು ಇರುವುದೇ ಇಲ್ಲ, ನಿಮ್ಮದರಲ್ಲಿ ಇದೆ. ಆದರೆ ಸೊಣ್ಣಮ್ಮನಿಗೆ, ಇಲ್ಲವೇ ಸೊಣ್ಣಮ್ಮನ ಮಗ ಶಿವಕಿರಣನಿಗೆ ಮಾತ್ರ. ಕಂಪನಿಯವರು ನಿಮ್ಮ ಹೆಸರು, ನಿಮ್ಮ ಮಗಳ ಹೆಸರು ಸೇರಿಸಿಕೊಟ್ಟರೆ ಅದೇ ದಿನ ಶುರುಮಾಡಬಹುದು.

ಇಷ್ಟು ಮೆತ್ತಗೆ ಮಾತಾಡುವ ಹೆಂಗಸಿನ ಮೇಲೆ ರುದ್ರಮ್ಮನಿಗೆ ಇನ್ನಷ್ಟು ಅನುಮಾನ ಬಂತು. ಯಾವ ಅಪಾರ್ಟ್‌ಮೆಂಟ್ ಎಂದು ಕೇಳಿದ್ದೇಕೆ? ಫೋನು ಹಚ್ಚಿ ಹೇಳಿಬಿಡುವುದಕ್ಕೇ ಇರಬೇಕು. ಗೊಟ್ಟಿಗೆರೆಯ ಕಡೆಯ ಬೇರೆ ಯಾವುದೋ ಅಪಾರ್ಟ್‌ಮೆಂಟಿನ ಹೆಸರು ಹೇಳಿದಳು. ಸುರಭಿ ಹುಡುಗಿಯ ಕಡೆ ತಿರುಗಿ, ನಿನ್ನ ಹೆಸರೇನು ಪುಟ್ಟಾ ಎಂದಳು. ಅಂಜನಾ ಬಾಯಿ ತೆರೆದವಳು ಅಮ್ಮನನ್ನು ನೋಡಿದಳು. ಯಾವ ಹೆಸರು ಹೇಳಲಿ ಎಂದು ಅವಳು ಕಣ್ಣಲ್ಲೇ ಕೇಳುತ್ತಿದ್ದಳು. ರುದ್ರಮ್ಮ ನೆಲ ನೋಡಿದಳು. ಇಬ್ಬರೂ ನಿಜವಾದ ಹೆಸರು ಹೇಳದೆ ಎದ್ದು ಬಂದರು.

ಮಾರನೆಯ ದಿನ ಕೆಲಸ ಮುಗಿದ ಮೇಲೆ ಅವಳು ಬೇಸ್‌ಮೆಂಟಿನ ಪಂಪಿನ ಕೋಣೆಗೆ ಹೋದಳು. ಅದೇ ಮರುಳಸಿದ್ದಪ್ಪನ ಆಫೀಸು. ಹಣೆಯ ತುಂಬ ವಿಭೂತಿ, ಕಾಲು ಮೇಜಿನ ಮೇಲೆ. ಕ್ಲಿನಿಕ್ಕಿನಲ್ಲಿ ಕಾರ್ಡು ತೋರಿಸಿದೆ ಎಂದದ್ದೇ ತಡ, ಕಾಲು ಕೆಳಗಿಳಿಯಿತು, ತೋರಿಸು ಎಂದು ತಾನೇ ಹೇಳಿದ್ದು ಮರೆತುಹೋಯಿತು.

“ಯಾವಳೇ ಹೇಳಿದ್ದು ನಿಂಗೆ ಅದುನ್ನ ತಗಂಡೋಗು ಅಂತ? ಮುಂಡೇದೇ, ಅವರೇನಾದ್ರೂ ಕಂಪ್ಲೇಂಟ್ ಹೊಡುದ್ರೆ ನಮ್ ಕಂಟ್ರಾಕ್ಟೇ ಎತ್ಹಾಕ್ತಾರೆ. ಇಷ್ಟ್ ಜನರ ಹೊಟ್ಟೆ ಮೇಲೆ ಕಲ್ಲ್ ಹಾಕ್ತೀಯೇನೇ?”

“ಹೊಟ್ಟೆ ಮೇಲೆ ಹಾಕಕ್ಕೆ ಹೋಗಿರ್ಲಿಲ್ಲ ಸಾರ್. ಮಗೀಗೆ ಉಸಾರಿಲ್ಲ. ನನ್ನೆಸ್ರುಗೆ ಒಂದು ಕಾರ್ಡ್ ಮಾಡ್ಸ್‌ಕೊಡಿ. ತಿಂಗ್ಳಾ ನನ್ನ್ ಸಂಬಳದಾಗೇ ಹಿಡೀತೀರಲ್ಲ.”

“ನಿನ್ನೆಸ್ರಾ? ನಿನ್ನೆಸ್ರು ಎಲ್ಲೈತೆ ಇಲ್ಲಿ?”

ಅಷ್ಟು ಬೈದವನು ಇದ್ದಕ್ಕಿದ್ದ ಹಾಗೆ ಮೆತ್ತಗಾದ. ಕೂತ್ಕೋ ಎಂದ. ಈ ಕೋಣೆಯಲ್ಲಿ ಅವನು ಅವಳಿಗೆ ಅಲ್ಲಿಯವರೆಗೆ ಕೂತ್ಕೋ ಎಂದದ್ದೇ ಇರಲಿಲ್ಲ. ರುದ್ರಮ್ಮ ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರವಾಗಿ ನಿಂತುಕೊಂಡಳು.

ಮಗಳಿಗೆ ಏನಾಗಿದೆ ಎಂದು ವಿಚಾರಿಸಿದ. ಹೇಳಿದಳು. ಎಷ್ಟು ವಯಸ್ಸು, ಎಷ್ಟು ಎತ್ತರ ಎಂದ. ಹೇಳಿದಳು. ಮೊಬೈಲಿನಲ್ಲಿ ಹುಡುಕಿ ಸೊಣ್ಣಮ್ಮನ ಮಗನ ಫೋಟೋ ತೆಗೆದು, ನೋಡು, ಇವನೂ ಹಿಂಗೇ ಸಣಕಲ ಎಂದು ತೋರಿಸಿದ. ಆಮೇಲೆ ಸಮಸ್ಯೆ ಬಗೆಹರಿಯಿತು ಎನ್ನುವವನಂತೆ ಕೈಕೊಡವಿಕೊಂಡು ಹೇಳಿದ:

“ಕೂದ್ಲು ಹೆಂಗಿದ್ರೂ ಅವಳೇ ಕಿತ್ಕಂಡವ್ಳೆ. ಉಳಿದಿದ್ದುನ್ನೂ ಬೋಳುಸ್ಬುಡು. ಒಂದು ಪ್ಯಾಂಟು ಶರ್ಟು ಹಾಕ್ಸು. ಬೇರೆ ಕ್ಲಿನಿಕ್‌ಗೆ ಕರ್ಕಂಡೋಗಿ ಶಿವಕಿರಣ ಅನ್ನು. ಆರು ಸಲ ತಾನೆ, ಯಾವನ್ ಬಿಚ್ ನೋಡ್ತಾನೆ?”

ಬಾಗಿಲ ಹೊರಗೆ ಮಾಪ್ ಹಿಂಡುತ್ತಿದ್ದ ಇಬ್ಬರು ನಕ್ಕರು. ಅವನೂ ನಕ್ಕ. ರುದ್ರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಈಗ ಹೇಳುವುದು ನಾಚಿಕೆಯ ಮಾತು, ಆದರೂ ನಿಜ. ಸುಬ್ರಹ್ಮಣ್ಯಪುರದ ಬಸ್ಸಿನಲ್ಲಿ ನಿಂತು ಬರುವಾಗ ಅವಳು ಅದನ್ನೇ ಯೋಚಿಸಿದಳು. ಆರು ಸಲವಾದರೂ ಆರು ಸಲ. ಕೂದಲು ಮತ್ತೆ ಬರುತ್ತದೆ. ಮಗಳು ಮತ್ತೆ ಬರುತ್ತಾಳೆಂದು ಯಾರು ಹೇಳಬಲ್ಲರು?

ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಹುಡುಗರ ಪ್ಯಾಂಟೊಂದನ್ನು ಕೇಳಿ ಇಸಿದುಕೊಂಡಳು. ಮನೆಗೆ ಬಂದು, ದೀಪ ಹಚ್ಚುವ ಹೊತ್ತಿಗೆ, ಮಗಳಿಗೆ ಅರ್ಧ ಹೇಳಿ ಅರ್ಧ ನುಂಗಿ ವಿಷಯ ತಿಳಿಸಿದಳು. ಅಂಜನಾ ಅಳುತ್ತಾಳೆ, ಪಾತ್ರೆ ಎಸೆಯುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಏನೂ ಮಾಡಲಿಲ್ಲ. ದುಪಟ್ಟಾ ತೆಗೆದು ಮಡಿಸಿಟ್ಟಳು. ಮೂಲೆಯಿಂದ ಕತ್ತರಿ ತಂದು ಅಮ್ಮನ ಕೈಗೆ ಕೊಟ್ಟಳು. ಅಮ್ಮನ ಮುಂದೆ ಬೆನ್ನು ಹಾಕಿ ಕೂತು ತಲೆ ಬಗ್ಗಿಸಿದಳು.

ನಾಲ್ಕು ವರ್ಷದ ಹಿಂದೆ ಮರುಳಸಿದ್ದಪ್ಪ ಇವತ್ತಿಂದ ನೀನು ಸೊಣ್ಣಮ್ಮ ಎಂದಾಗ ತಾನೂ ಹೀಗೇ ತಲೆ ಬಗ್ಗಿಸಿದ್ದಳಲ್ಲ ಎಂದು ರುದ್ರಮ್ಮನಿಗೆ ನೆನಪಾಯಿತು. ತಾನು ಹಾಗೆ ಮಾಡಿದ್ದು ಹೊಟ್ಟೆಗೆ. ಹದಿನೈದು ವರ್ಷದ ಕೂಸು ಇಷ್ಟು ಬೇಗ ಇದನ್ನು ಕಲಿತುಬಿಟ್ಟಿತೇ? ಕತ್ತರಿಯನ್ನು ಕೆಳಗಿಟ್ಟಳು. ಮಗಳ ಬೋಳು ನೆತ್ತಿಯ ಮೇಲೆ ಅಂಗೈಯಿಟ್ಟಳು. ಆಮೇಲೆ ಎಣ್ಣೆ ತಂದು, ಉಳಿದ ಕೂದಲಿಗೆ ಹಚ್ಚಿ, ಎರಡು ಸಣ್ಣ ಜಡೆ ಹಾಕಿದಳು.

“ಅಮ್ಮ, ನಿನ್ ಹೆಸರು ನಿಜವಾಗ್ಲೂ ಯಾವ್ದು?” ಎಂದಳು ಅಂಜನಾ. ಎಷ್ಟೋ ದಿನಗಳ ಮೇಲೆ ಅವಳಾಗಿ ಆಡಿದ ಮಾತು ಅದು.

ಬೆಳಿಗ್ಗೆ ಹಾಜರಿಯ ಹೊತ್ತಿಗೆ ತಾಯಿ ಮಗಳು ಇಬ್ಬರೂ ಬೇಸ್‌ಮೆಂಟಿನಲ್ಲಿದ್ದರು. ಎಲ್ಲರೂ ಪೊರಕೆ ಬಕೆಟ್ಟುಗಳನ್ನು ಕಾಲ ಬಳಿ ಇಟ್ಟುಕೊಂಡು ಸಾಲಾಗಿ ನಿಲ್ಲಬೇಕು, ಮರುಳಸಿದ್ದಪ್ಪ ಹೆಸರು ಕೂಗುತ್ತ ಮೊಬೈಲಿನಲ್ಲಿ ವಿಡಿಯೋ ಮಾಡಿ ಮನೆ ಮಾಲೀಕರ ಅಸೋಸಿಯೇಷನ್ನಿನವರಿಗೆ ಕಳಿಸಬೇಕು. ಅಂದು ಅಸೋಸಿಯೇಷನ್ನಿನ ಕಾರ್ಯದರ್ಶಿ ಚಕ್ರಪಾಣಿಯವರು ವಾಕಿಂಗ್ ಮುಗಿಸಿ ಬಂದವರು ಲಿಫ್ಟಿಗೆ ಕಾಯುತ್ತ ಅಲ್ಲೇ ನಿಂತಿದ್ದರು.

“ಸೊಣ್ಣಮ್ಮ.”

ಮರುಳಸಿದ್ದಪ್ಪ ಮೊಬೈಲನ್ನು ರುದ್ರಮ್ಮನ ಮುಖಕ್ಕೇ ಹಿಡಿದು ಮತ್ತೆ ಕೂಗಿದ.

“ಸೊಣ್ಣಮ್ಮ ಇಲ್ಲ ಸಾರ್. ಆಯಮ್ಮ ಊರಿಗೋಗಿ ಬಾಳ ದಿನ ಆಯ್ತು. ನಾನು ರುದ್ರಮ್ಮ. ಇವಳು ನನ್ನ ಮಗಳು ಅಂಜನಾ. ಮದ್ಲು ನನ್ನೆಸ್ರು ಬರ್ಕಳಿ, ಅದ್ರ ಕೆಳಗೆ ಇವಳ್ದು. ಬರ್ಕಳ ತಂಕ ನಾನು ಪೊರಕೆ ಮುಟ್ಟಾಕಿಲ್ಲ.”

ವಿಡಿಯೋ ನಿಲ್ಲಿಸಲು ಮರುಳಸಿದ್ದಪ್ಪನ ಬೆರಳು ತಡಕಾಡಿತು. ಚಕ್ರಪಾಣಿಯವರ ಕಡೆ ಹಲ್ಲು ಕಿರಿದು, ಅವಳ ಕಡೆ ತಿರುಗಿ ಹಲ್ಲು ಕಡಿದ. “ಲೇ, ಇವತ್ತೇ ನಿನ್ನೆಸ್ರುಗೆ ಇನ್ನೊಬ್ಳುನ್ನ ತಂದ್ ಕೂರುಸ್ತೀನಿ.”

“ಸೊಣ್ಣಮ್ಮನ ಹೆಸ್ರುಗೆ ಕೂರ್ಸ್‌ಕಳಿ. ನನ್ನೆಸ್ರು ನಿಮ್ತಾವ ಇಲ್ಲ.”

ಅವನು ಅವಳನ್ನು ಬಿಟ್ಟು ಮುಂದಿನ ಹೆಸರು ಕೂಗಿದ. ಮುನಿಯಪ್ಪ. ಆ ಹೆಸರಿಗೆ ಕೂತಿದ್ದವನು ಚರಂಡಿಯ ಕೆಲಸದ ಹನುಮಯ್ಯ. ದಿನವೂ ಕೂಗುವ ಮೊದಲೇ ಕೈಯೆತ್ತುತ್ತಿದ್ದ ಮುದುಕ ಈಗ ಅಂಜನಾಳನ್ನೇ ನೋಡುತ್ತಿದ್ದ. ಕೈ ಮೇಲೇಳಲಿಲ್ಲ.

“ಏನ್ರೀ ಇದು? ಮುನಿಯಪ್ಪ ಬಂದಿಲ್ವಾ?” ಎಂದರು ಚಕ್ರಪಾಣಿ. ಲಿಫ್ಟು ಬಂದು ಬಾಗಿಲು ತೆರೆದು ಮುಚ್ಚಿಕೊಂಡಿತು.

“ಅವ್ನು ಸತ್ತೋದ ಸಾರ್” ಎಂದ ಹನುಮಯ್ಯ. “ನಿಮ್ಮ ಕಕ್ಕಸ್ ಗುಂಡೀಗೇ ಇಳ್ದಿದ್ದ.”

ಗೇಟಿನ ಹೊರಗೆ ಕಸದ ಗಾಡಿ ಹಾರ್ನ್ ಹೊಡೆಯತೊಡಗಿತ್ತು. ಮರುಳಸಿದ್ದಪ್ಪ ಮೂರನೆಯ ಹೆಸರು ಕೂಗಿದ, ನಾಲ್ಕನೆಯದು ಕೂಗಿದ. ಸಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ಅಂಜನಾಳ ಕೈ ಮೆಲ್ಲಗೆ ನೆತ್ತಿಗೆ ಹೋಗಿ ಒಂದು ಕೂದಲನ್ನು ಬೆರಳಿಗೆ ಸುತ್ತಿಕೊಂಡಿತು. ರುದ್ರಮ್ಮ ಆ ಕೈಯನ್ನು ಬಿಡಿಸಿ, ತನ್ನ ಕೈಯಲ್ಲಿ ಹಿಡಿದುಕೊಂಡು, ನಿಂತಲ್ಲೇ ನಿಂತಳು.